ಕೊಲೆಸ್ಟರಾಲ್ 108 ಮತ್ತು ಹಾಲಿನಲ್ಲಿ ಅದ್ದಿದ ರಸ್ಕು

ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಹೆಲ್ತ್ ಚೆಕಪ್ ಮಾಡಿಸ್ತಾರೆ. ಖಾಲಿ ಹೊಟ್ಟೆಯಲ್ಲಿ ಬಂದು, ಸಾಲಿನಲ್ಲಿ ನಿಂತು ರಕ್ತ ಕೊಟ್ಟು, ಆಮೇಲೆ ಅವರು ಕೊಡುವ ಬ್ರೆಡ್ ಸ್ಯಾಂಡ್‌ವಿಚ್ ತಿಂದು ಸೀಟಿಗೆ ವಾಪಸ್ಸಾಗೋದು. ವಾರ ಬಿಟ್ಟು ರಿಪೋರ್ಟ್ ಬಂದಾಗ ಎಲ್ಲರೂ ಮೊದಲು ನೋಡೋದು ಕೊಲೆಸ್ಟರಾಲ್, ಒಂಥರಾ ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡಿದ ಹಾಗೆ. ಮೂರು ವರ್ಷದ ಹಿಂದೆ ನನ್ನದು 108 ಬಂದಿತ್ತು. ಪಕ್ಕದ ಸೀಟಿನವನದು 231. "ಪುಣ್ಯವಂತ ಕಣಯ್ಯ, ದಿನಾ ಬೆಣ್ಣೆ ದೋಸೆ ತಿಂದ್ರೂ ನಡೆಯುತ್ತೆ ನಿಂಗೆ" ಅಂದ. 108 ಅಂದ್ರೆ ಅಷ್ಟೋತ್ತರದ ಸಂಖ್ಯೆ, ಶುಭ ಅಂತ ನಾನೂ ಬೀಗಿದೆ. ಅದು ಆಂಬುಲೆನ್ಸಿನ ನಂಬರ್ ಕೂಡ ಅನ್ನೋದು ಆಗ ಹೊಳೆಯಲಿಲ್ಲ :-)

ಅದೇ ರಿಪೋರ್ಟಿನ ಇನ್ನೊಂದು ಪುಟದಲ್ಲಿ ಹಿಮೋಗ್ಲೋಬಿನ್ 9.1 ಅಂತ ಇತ್ತು. ವಿಟಮಿನ್ ಡಿ ತಳ ಹಿಡಿದಿತ್ತು. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಯಾಕಂದ್ರೆ ನನಗೆ ಪಿಯುಸಿಯಿಂದಲೂ ರಕ್ತ ಕಡಿಮೆ. ಕಬ್ಬಿಣದ ಮಾತ್ರೆ ಬರೆದುಕೊಡುತ್ತಿದ್ದರು, ನಾನು ನುಂಗುತ್ತಿದ್ದೆ, ಆರು ತಿಂಗಳಿಗೆ ಮತ್ತೆ ಮೊದಲಿನ ಹಾಗೇ. ಹೊಟ್ಟೆ ಕೆಟ್ಟಾಗೆಲ್ಲ ಅಮ್ಮ ಬಿಸಿ ಹಾಲಿನಲ್ಲಿ ರಸ್ಕು ಅದ್ದಿ ಕೊಡುತ್ತಿದ್ದಳು, ಸುಲಭವಾಗಿ ಜೀರ್ಣ ಆಗುತ್ತೆ ಅಂತ. ಈ ರಸ್ಕನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಎರಡು ವರ್ಷದ ಹಿಂದೆ ಒಬ್ಬ ವೈದ್ಯರು ಆ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಇಪ್ಪತ್ತಾರು ವರ್ಷದ ಗಂಡಸು, ಮಾತ್ರೆಗೆ ಬಗ್ಗದ ರಕ್ತಹೀನತೆ, ಜೊತೆಗೆ ಇಷ್ಟು ಕಡಿಮೆ ಕೊಲೆಸ್ಟರಾಲ್. "ನೀವು ತಿಂದಿದ್ದು ಒಳಗೆ ಹೋಗ್ತಾ ಇಲ್ಲ" ಅಂದರು. ಒಂದು ರಕ್ತಪರೀಕ್ಷೆ, ಆಮೇಲೆ ಎಂಡೋಸ್ಕೋಪಿ, ಸಣ್ಣಕರುಳಿನಿಂದ ಚಿಟಿಕೆಯಷ್ಟು ಚೂರು ತೆಗೆದು ಪರೀಕ್ಷೆ. ಬಂದ ಹೆಸರು ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಅನ್ನೋ ಪ್ರೋಟೀನು ಹೊಟ್ಟೆಗೆ ಹೋದರೆ ದೇಹದ ರಕ್ಷಣಾ ಪಡೆ ರೊಚ್ಚಿಗೆದ್ದು ತನ್ನದೇ ಕರುಳಿನ ಒಳಪದರವನ್ನು ಸವೆಸಿಬಿಡುತ್ತದೆ. ಸವೆದ ಕರುಳು ಕಬ್ಬಿಣ ಹೀರಲ್ಲ, ವಿಟಮಿನ್ ಹೀರಲ್ಲ, ಕೊಬ್ಬು ಹೀರಲ್ಲ. ನಾನು ಬೀಗಿದ್ದ 108 ಕೂಡ ಅದೇ ಸೋರಿಕೆಯ ಲೆಕ್ಕ. ರಕ್ತಹೀನತೆಯ ಜೊತೆ ಕೊಲೆಸ್ಟರಾಲ್ ಕಡಿಮೆ ಇದ್ದರೆ ಈ ಕಾಯಿಲೆಯನ್ನು ಅನುಮಾನಿಸಿ ಅಂತ ಇಟಲಿಯ ನೇಪಲ್ಸಿನ ವೈದ್ಯರು 1999ರಲ್ಲೇ ಬರೆದಿದ್ದರಂತೆ. ಆಗ ನನಗಿನ್ನೂ ಹಾಲುಹಲ್ಲು!

ಸಾಫ್ಟ್‌ವೇರಿನವರ ಚಾಳಿ ನೋಡಿ, ಬಗ್ ಸಿಕ್ಕಮೇಲೆ ಅದು ಯಾವಾಗಿಂದ ಇದೆ, ಯಾರ್ಯಾರು ಅದರ ಮೇಲೆ ಏನೇನು ತೇಪೆ ಹಾಕಿದ್ರು ಅಂತ ಹಿಂದೆ ಹೋಗಿ ನೋಡದಿದ್ರೆ ನಿದ್ದೆ ಬರಲ್ಲ. ಹಾಗೆ ಓದ್ತಾ ಹೋದಾಗ ಸಿಕ್ಕಿದ್ದು ಈ ಕಥೆ.

ಹೆಸರು ಹಳೆಯದು. ಗ್ರೀಕಿನಲ್ಲಿ ಕೊಯಿಲಿಯಾ ಅಂದ್ರೆ ಹೊಟ್ಟೆ. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಬದುಕಿದ್ದ ಕಪಡೋಸಿಯಾದ ಅರಿಟಿಯಸ್ ಅನ್ನೋ ವೈದ್ಯ, ತಿಂದದ್ದು ಅರಗದೆ ಹಾಗೇ ಹೊರಗೆ ಹೋಗಿ ಸೊರಗುವ ರೋಗಿಗಳ ಬಗ್ಗೆ ಬರೆದಿದ್ದಾನೆ. ಆಮೇಲೆ ಸುಮಾರು ಹದಿನೇಳು ಹದಿನೆಂಟು ಶತಮಾನ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ ಅನ್ನಬಹುದು.

1887ರ ಅಕ್ಟೋಬರಿನಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ಸ್ಯಾಮ್ಯುಯೆಲ್ ಗೀ ಒಂದು ಉಪನ್ಯಾಸ ಕೊಟ್ಟರು. ಮರುವರ್ಷ ಅದು ಅಚ್ಚಾಯಿತು. ಒಂದರಿಂದ ಐದು ವರ್ಷದೊಳಗಿನ ಮಕ್ಕಳಿಗೆ ಹೆಚ್ಚಾಗಿ ಬರುವುದು, ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಉಬ್ಬುವುದು, ಬಿಳಿಚಿಕೊಳ್ಳುವುದು, ಮಲ ಬಣ್ಣಗೆಟ್ಟು ನಾರುವುದು, ಎಲ್ಲವನ್ನೂ ಆತ ಕಣ್ಣಿಗೆ ಕಟ್ಟುವ ಹಾಗೆ ವಿವರಿಸಿದ. ಸತ್ತ ಮಕ್ಕಳ ಕರುಳನ್ನು ತೆರೆದು ನೋಡಿದರೂ ಕಾರಣ ಸಿಗಲಿಲ್ಲ. ಆದರೂ ಒಂದು ಮಾತು ಖಚಿತವಾಗಿ ಹೇಳಿದ: ಇದು ವಾಸಿಯಾಗುವುದೇ ಆದರೆ ಆಹಾರದಿಂದಲೇ ಆಗಬೇಕು. ಎಂಥಾ ಒಳನೋಟ! ಅವನ ಹತ್ತಿರ ಬಂದಿದ್ದ ಒಂದು ಮಗುವಿಗೆ ದಿನಾ ಹಾಲೆಂಡಿನ ಮಸೆಲ್ ಚಿಪ್ಪುಮೀನು ತಿನ್ನಿಸಿದರಂತೆ (ನಮ್ಮ ಕರಾವಳಿಯಲ್ಲಿ ನೀಲಿಕಲ್ಲು ಅಂತಾರಲ್ಲ, ಅದರ ದಾಯಾದಿ). ಮಗು ಗುಂಡುಗುಂಡಾಗಿ ಚೇತರಿಸಿಕೊಂಡಿತು. ಮಸೆಲ್ ಸೀಸನ್ ಮುಗಿದ ಮೇಲೆ ಮತ್ತೆ ಸೊರಗಿತು. ಮುಂದಿನ ವರ್ಷ ಎಷ್ಟು ಗೋಗರೆದರೂ ಅದನ್ನು ಬಾಯಿಗೆ ಇಡಲಿಲ್ಲವಂತೆ. ಪಾಪ, ಒಂದಿಡೀ ಸೀಸನ್ನು ದಿನಾ ಅದೇ ತಿಂದ್ರೆ ಯಾರಿಗೆ ಬೇಕು?

ಗೀ ಕೊಟ್ಟ ಪಥ್ಯದ ಪಟ್ಟಿ ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಹಿಟ್ಟಿನ ಪದಾರ್ಥ ಕಡಿಮೆ ಇರಬೇಕು ಅಂತಾನೆ, ಅಲ್ಲೀತನಕ ಸರಿ. ಆಮೇಲೆ ಅಕ್ಕಿ, ಸಬ್ಬಕ್ಕಿ, ಜೋಳದ ಹಿಟ್ಟು ಬೇಡವೇ ಬೇಡ ಅಂತಾನೆ. ಯಾವುದು ಪರವಾಗಿಲ್ಲ? ಮಾಲ್ಟ್ ಮಾಡಿದ ಆಹಾರ, ತೆಳ್ಳಗೆ ಕೊಯ್ದು ಎರಡೂ ಕಡೆ ಚೆನ್ನಾಗಿ ಸುಟ್ಟ ಬ್ರೆಡ್ಡು, ಮತ್ತೆ... ರಸ್ಕು. ಅಂದ್ರೆ ಆ ಮಕ್ಕಳಿಗೆ ಏನೂ ಮಾಡದ ಅಕ್ಕಿಯನ್ನು ಕಿತ್ತುಕೊಂಡು, ಅವರನ್ನು ಕೊಲ್ಲುತ್ತಿದ್ದ ಗೋಧಿಯನ್ನೇ ಗರಿಗರಿಯಾಗಿ ಸುಟ್ಟು ಕೈಗೆ ಕೊಟ್ಟರು. ಮಾಲ್ಟ್ ಅನ್ನೋದು ಸಾಮಾನ್ಯವಾಗಿ ಬಾರ್ಲಿಯಿಂದ ಮಾಡಿದ್ದು, ಅದೂ ವಿಷವೇ. ರಸ್ಕು ರೋಗಿಯ ಆಹಾರ ಅನ್ನೋ ನಂಬಿಕೆ ನಮ್ಮ ಅಮ್ಮಂದಿರ ಕಂಡುಹಿಡಿತವೇನಲ್ಲ ಅಂತ ಆವತ್ತು ಗೊತ್ತಾಯ್ತು.

1908ರಲ್ಲಿ ನ್ಯೂಯಾರ್ಕಿನ ಕ್ರಿಶ್ಚಿಯನ್ ಹರ್ಟರ್ ಈ ಕಾಯಿಲೆಯ ಮೇಲೆ ಒಂದು ಪುಸ್ತಕ ಬರೆದು, ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ ಗೂಬೆ ಕೂರಿಸಿದ. ಬಹಳ ಕಾಲ ಇದಕ್ಕೆ ಗೀ-ಹರ್ಟರ್ ಕಾಯಿಲೆ ಅಂತಲೇ ಹೆಸರಿತ್ತು.

ಅದೇ ಹೊತ್ತಿಗೆ ವಿಟಮಿನ್ನುಗಳ ಯುಗ ಶುರುವಾಯಿತು. ಕ್ಯಾಸಿಮಿರ್ ಫಂಕ್ ಆ ಪದವನ್ನು ಟಂಕಿಸಿದ್ದು 1912ರಲ್ಲಿ. ಮುಂದಿನ ಮೂರು ದಶಕಗಳಲ್ಲಿ ಒಂದಾದ ಮೇಲೊಂದು ವಿಟಮಿನ್ ಪತ್ತೆಯಾಗುತ್ತಾ ಹೋದಂತೆ, ಸೀಲಿಯಾಕ್ ಮಕ್ಕಳ ಮೈಯಲ್ಲಿ ಅದರದರ ಕೊರತೆಯೂ ಕಾಣಿಸತೊಡಗಿತು. ಬರ್ಮಿಂಗ್‌ಹ್ಯಾಮಿನ ಲೆನರ್ಡ್ ಪಾರ್ಸನ್ಸ್ ಈ ಮಕ್ಕಳ ರಿಕೆಟ್ಸ್ ಮತ್ತು ರಕ್ತಹೀನತೆಯ ಬಗ್ಗೆ ವಿವರವಾಗಿ ಬರೆದ. ಮೂಳೆ ಬಾಗಿದ್ರೆ ಮೀನೆಣ್ಣೆ, ರಕ್ತ ಇಲ್ಲದಿದ್ರೆ ಕಬ್ಬಿಣ. ಮೀನೆಣ್ಣೆಯಲ್ಲಿರೋ ಎ ಮತ್ತು ಡಿ ವಿಟಮಿನ್‌ಗಳು ಕೊಬ್ಬಿನಲ್ಲಿ ಕರಗುವಂಥವು. ಕೊಬ್ಬನ್ನೇ ಹೀರಲಾಗದ ಕರುಳಿಗೆ ಎಣ್ಣೆ ಕುಡಿಸಿದರೆ ಬಹುಪಾಲು ಆ ಕಡೆಯಿಂದ ಆಚೆ ಹೋಗುತ್ತದೆ. ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ. ನಾನು ಹತ್ತು ವರ್ಷ ಮಾಡಿದ್ದೂ ಅದನ್ನೇ ಆದ್ದರಿಂದ ನಗುವ ಹಕ್ಕು ನನಗಿಲ್ಲ.

ಈ ನಡುವೆ ಬಾಳೆಹಣ್ಣಿನ ಕಥೆ ಬಂತು. ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ಹಾಸ್ 1924ರಲ್ಲಿ ಹತ್ತು ಮಕ್ಕಳ ವಿಷಯ ಪ್ರಕಟಿಸಿದ. ಬಾಳೆಹಣ್ಣಿನ ಪಥ್ಯ ಮಾಡಿದ ಎಂಟು ಮಕ್ಕಳು ಚೇತರಿಸಿಕೊಂಡವು, ಮಾಡದ ಎರಡು ತೀರಿಹೋದವು. ಬಾಳೆಹಣ್ಣು ಸಂಜೀವಿನಿ ಅಂತ ಹೆಸರಾಯಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕಾದಲ್ಲಿ ಬಾಳೆಹಣ್ಣಿಗೆ ಅಭಾವ ಬಂದಾಗ ಈ ಮಕ್ಕಳಿಗೋಸ್ಕರ ಅಂತ ಹಣ್ಣು ಎತ್ತಿಡುತ್ತಿದ್ದರಂತೆ. ಹಾಸ್‌ನ ಪಥ್ಯದಲ್ಲಿ ಬ್ರೆಡ್ಡು, ಬಿಸ್ಕತ್ತು, ಆಲೂಗಡ್ಡೆ, ಧಾನ್ಯ ಎಲ್ಲಾ ನಿಷಿದ್ಧ. ಕೆಲಸ ಮಾಡಿದ್ದು ಬ್ರೆಡ್ ಬಿಡಿಸಿದ್ದು, ಕೀರ್ತಿ ಬಂದಿದ್ದು ಬಾಳೆಹಣ್ಣಿಗೆ! ಪಿಷ್ಟ ಮತ್ತು ಸಕ್ಕರೆಯೇ ತಪ್ಪಿತಸ್ಥರು ಅಂತ ನಂಬಿದ್ದ ಹಾಸ್, ಒಂದಷ್ಟು ವರ್ಷ ಪಥ್ಯ ಮಾಡಿದ ಮಕ್ಕಳು ಪೂರ್ತಿ ವಾಸಿಯಾದವು, ಇನ್ನು ಎಲ್ಲಾ ತಿನ್ನಬಹುದು ಅಂತ ಹೇಳಿ ಕಳಿಸುತ್ತಿದ್ದ. ಅವು ಮತ್ತೆ ಗೋಧಿಗೆ ಮರಳಿದವು. ಲಕ್ಷಣ ಮಾಯವಾದರೂ ಕಾಯಿಲೆ ಹೋಗಿರಲ್ಲ ಅನ್ನೋದು ತಿಳಿಯಲು ಇನ್ನೂ ಸಮಯವಿತ್ತು.

ಇಲ್ಲೊಂದು ಸಣ್ಣ ಪಕ್ಕದ ಹಾದಿ, ಅದು ನಮ್ಮ ದೇಶದ್ದು. 1928ರಲ್ಲಿ ಲೂಸಿ ವಿಲ್ಸ್ ಅನ್ನೋ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದಳು. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿ ಹೆಂಗಸರಲ್ಲಿ ಒಂದು ಬಗೆಯ ಘೋರ ರಕ್ತಹೀನತೆ ಇತ್ತು. ರಕ್ತಕಣಗಳು ಸಂಖ್ಯೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡವು. ಕಬ್ಬಿಣಕ್ಕೆ ಬಗ್ಗುತ್ತಿರಲಿಲ್ಲ. ಅವಳು ಕೊನೆಗೆ ಮಾರ್ಮೈಟ್ ಅನ್ನೋ ಅಗ್ಗದ ಯೀಸ್ಟ್ ಸಾರವನ್ನು ತಿನ್ನಿಸಿ ವಾಸಿ ಮಾಡಿದಳು, 1931ರಲ್ಲಿ ಪ್ರಕಟಿಸಿದಳು. ಅದರೊಳಗಿದ್ದ ಅಪರಿಚಿತ ವಸ್ತುವಿಗೆ ವಿಲ್ಸ್ ಫ್ಯಾಕ್ಟರ್ ಅಂತಲೇ ಹೆಸರಾಯಿತು. 1941ರಲ್ಲಿ ಟೆಕ್ಸಾಸಿನಲ್ಲಿ ಪಾಲಕ್ ಸೊಪ್ಪಿನ ರಾಶಿಯಿಂದ ಬೇರ್ಪಡಿಸಿದ ಫೋಲಿಕ್ ಆಸಿಡ್ ಇದೇ ಗುಂಪಿನದು. ಬಿಸಿಲ ನಾಡುಗಳಲ್ಲಿ ಬರುವ ಸ್ಪ್ರೂ ಅನ್ನೋ ಕಾಯಿಲೆ ನೋಡಲು ಸೀಲಿಯಾಕ್‌ನ ಅವಳಿಯ ಹಾಗೇ ಇರುತ್ತದೆ. ಆ ರೋಗಿಗಳಿಗೆ 1945-46ರಲ್ಲಿ ಟಾಮ್ ಸ್ಪೈಸ್ ಕ್ಯೂಬಾದಲ್ಲಿ ಫೋಲಿಕ್ ಆಸಿಡ್ ಕೊಟ್ಟಾಗ ಎದ್ದು ಕೂತರು. ಸೀಲಿಯಾಕ್‌ನವರಿಗೆ ಅದೇ ಮಾತ್ರೆ ರಕ್ತವನ್ನು ಕೊಂಚ ಸರಿಮಾಡಿತು, ಕರುಳು ಹಾಗೇ ಉಳಿಯಿತು.

ಈಗ ಹಾಲೆಂಡಿಗೆ ಹೋಗೋಣ, ಯಾಕಂದ್ರೆ ಗಂಟು ಬಿಚ್ಚಿದ್ದು ಅಲ್ಲೇ. ವಿಲ್ಲೆಮ್ ಡಿಕೆ 1905ರಲ್ಲಿ ಹುಟ್ಟಿದವನು. ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯಲ್ಲಿ ವೈದ್ಯ. ಅಂತರ್ಜಾಲದಲ್ಲಿ ಎಲ್ಲಿ ಹುಡುಕಿದ್ರೂ ಅವನ ಬಗ್ಗೆ ಒಂದೇ ಸಿನಿಮೀಯ ಕಥೆ ಸಿಗುತ್ತೆ. 1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆ ಪಶ್ಚಿಮ ಹಾಲೆಂಡಿಗೆ ಆಹಾರ ಸಾಗಣೆ ನಿಲ್ಲಿಸಿತು, ಜನ ಟ್ಯುಲಿಪ್ ಗೆಡ್ಡೆ ಬೇಯಿಸಿ ತಿಂದರು, 20,000ಕ್ಕೂ ಹೆಚ್ಚು ಮಂದಿ ಸತ್ತರು. ಊರಿಗೆ ಊರೇ ಸೊರಗುವಾಗ ಸೀಲಿಯಾಕ್ ಮಕ್ಕಳು ಮಾತ್ರ ಚೇತರಿಸಿಕೊಂಡವು. ಮಿತ್ರಪಡೆಗಳ ವಿಮಾನಗಳು ಆಹಾರ ಉದುರಿಸಿ, ಬ್ರೆಡ್ ಮತ್ತೆ ಬಂದಾಗ ಅವು ಮತ್ತೆ ಮಲಗಿದವು. ಡಿಕೆಗೆ ಜ್ಞಾನೋದಯವಾಯಿತು. ಚೆನ್ನಾಗಿದೆ ಅಲ್ವಾ? ನಾನೂ ಮೊದಲು ಇದನ್ನೇ ನಂಬಿ ಊರಿಗೆಲ್ಲ ಹೇಳಿಕೊಂಡು ಬಂದೆ.

ಆದರೆ ತಾರೀಖುಗಳನ್ನು ನೋಡಿದರೆ ಕಥೆ ಹೀಗಿಲ್ಲ. ಡಿಕೆ ತನ್ನ ಸಾದಾ ಪಥ್ಯದ ಬಗ್ಗೆ ಡಚ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದು 1941ರಲ್ಲಿ, ಕ್ಷಾಮಕ್ಕೆ ಮೂರು ವರ್ಷ ಮೊದಲು. ಮಕ್ಕಳಿಗೆ ಗೋಧಿ ಬಿಡಿಸಿ ನೋಡುವ ಪ್ರಯೋಗ ಇನ್ನೂ ಹಿಂದಿನದು, 1930ರ ದಶಕದ ನಡುವಿನದು. ಅವನನ್ನು ಆ ದಾರಿಗೆ ಹಚ್ಚಿದ್ದು ಒಬ್ಬ ತಾಯಿ ಅಂತ ಅವನ ಜೊತೆಗಾರರು ನೆನಪಿಸಿಕೊಂಡಿದ್ದಾರೆ. ಬ್ರೆಡ್ ನಿಲ್ಲಿಸಿದಾಗ ನನ್ನ ಮಗುವಿನ ಮೈಮೇಲಿನ ಗಂಧೆ ಬೇಗ ಕಡಿಮೆಯಾಗುತ್ತೆ ಅಂತ ಆಕೆ ಹೇಳಿದಳಂತೆ. ಆ ಕಾಲದ ದೊಡ್ಡ ಡಾಕ್ಟರೊಬ್ಬ "ಆಯ್ತಮ್ಮ ನೋಡೋಣ" ಅಂತ ಸಾಗಹಾಕಬಹುದಿತ್ತು. ಡಿಕೆ ಹಾಗೆ ಮಾಡಲಿಲ್ಲ. ವರ್ಷಗಟ್ಟಲೆ ಒಂದೊಂದು ಮಗುವಿನ ತೂಕ, ಎತ್ತರ ಬರೆದಿಟ್ಟ. ಗೋಧಿ ಬಿಡಿಸಿದಾಗ ಗೆರೆ ಮೇಲೇರುತ್ತೆ, ಕೊಟ್ಟಾಗ ಕೆಳಗಿಳಿಯುತ್ತೆ. ಕ್ಷಾಮದ ಚಳಿಗಾಲ ಅವನಿಗೆ ಹೊಸ ವಿಚಾರ ಕೊಟ್ಟಿದ್ದಕ್ಕಿಂತ, ಆಗಲೇ ಇದ್ದ ಅನುಮಾನವನ್ನು ಗಟ್ಟಿ ಮಾಡಿತು ಅನ್ನೋದೇ ಸರಿ. ನನಗಂತೂ ವಿಮಾನದಿಂದ ಬಿದ್ದ ಬ್ರೆಡ್ಡಿಗಿಂತ ಹತ್ತಾರು ವರ್ಷ ತಾಳ್ಮೆಯಿಂದ ಎಳೆದ ಆ ಗೆರೆಗಳೇ ದೊಡ್ಡದು ಅನ್ನಿಸುತ್ತೆ.

(ಅದೇ ಯುದ್ಧದ ಸಮಯದಲ್ಲಿ ಬೆಂಗಳೂರಿನಲ್ಲಿ ಅಕ್ಕಿಗೆ ತತ್ವಾರ ಬಂದು, ರವೆ ಇಡ್ಲಿ ಹುಟ್ಟಿದ್ದು ತಮ್ಮಲ್ಲೇ ಅಂತ ಎಂಟಿಆರ್‌ನವರು ಹೇಳಿಕೊಳ್ಳುತ್ತಾರೆ. ಯುದ್ಧ ಡಚ್ ಮಕ್ಕಳ ತಟ್ಟೆಯಿಂದ ಗೋಧಿಯನ್ನು ಕಿತ್ತುಕೊಂಡು ನಮ್ಮ ಇಡ್ಲಿ ಪಾತ್ರೆಗೆ ಹಾಕಿತು! ನನಗೆ ಪ್ರಾಣವಾಗಿದ್ದ ತಿಂಡಿ, ಈಗ ವಾಸನೆ ಮಾತ್ರ.)

ಯುದ್ಧ ಮುಗಿದ ಮೇಲೆ ಡಿಕೆಗೆ ಸರಿಯಾದ ಜೊತೆಗಾರರು ಸಿಕ್ಕರು. ಉಟ್ರೆಕ್ಟಿನ ರಸಾಯನಶಾಸ್ತ್ರಜ್ಞ ವಾನ್ ಡೆ ಕಾಮರ್ ಮಲದಲ್ಲಿರುವ ಕೊಬ್ಬನ್ನು ನಿಖರವಾಗಿ ಅಳೆಯುವ ವಿಧಾನವನ್ನು 1949ರಲ್ಲಿ ಪ್ರಕಟಿಸಿದ. ಮೂಗು ಮುರಿಯಬೇಡಿ, ಈ ಕಥೆಯ ನಿಜವಾದ ತಿರುವು ಅದೇ. ಅಲ್ಲೀತನಕ "ಮಗು ಪರವಾಗಿಲ್ಲ" ಅನ್ನೋದು ಕಣ್ಣಂದಾಜು. ಈಗ ಒಳಗೆ ಹೋದ ಕೊಬ್ಬೆಷ್ಟು, ಹೊರಗೆ ಬಂದದ್ದೆಷ್ಟು ಅಂತ ಗ್ರಾಂ ಲೆಕ್ಕದಲ್ಲಿ ಹೇಳಬಹುದಾಯಿತು. 1950ರಲ್ಲಿ ಡಿಕೆ ತನ್ನ ಡಾಕ್ಟರೇಟ್ ಪ್ರಬಂಧ ಒಪ್ಪಿಸಿದ. ವಾನ್ ಡೆ ಕಾಮರ್ ಮತ್ತು ವೇಯರ್ಸ್ ಜೊತೆ ಸೇರಿ ಗೋಧಿಯ ಪಿಷ್ಟ ಒಂದು ಕಡೆ, ಗ್ಲುಟೆನ್ ಒಂದು ಕಡೆ ಬೇರ್ಪಡಿಸಿ ಕೊಟ್ಟು ನೋಡಿದರು. ಪಿಷ್ಟ ನಿರಪರಾಧಿ, ಗ್ಲುಟೆನ್ ಅಪರಾಧಿ. 1952ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಷಾರ್ಲಟ್ ಆಂಡರ್ಸನ್ ಮತ್ತು ಸಂಗಡಿಗರು ಇದನ್ನೇ ಖಚಿತಪಡಿಸಿದರು. ಗೀಯ ಕಾಲದಿಂದ ಜೈಲಿನಲ್ಲಿದ್ದ ಅಕ್ಕಿಗೆ ಬಿಡುಗಡೆ ಸಿಕ್ಕಿತು. ಡಿಕೆ 1962ರಲ್ಲಿ ತೀರಿಕೊಂಡ, 57 ವರ್ಷಕ್ಕೇ. ಬಾಳೆಹಣ್ಣಿನ ಹಾಸ್ 1964ರವರೆಗೆ, ತೊಂಬತ್ತು ದಾಟಿ ಬದುಕಿದ್ದ.

ಕರುಳಿನ ಒಳಗೆ ಏನಾಗಿದೆ ಅಂತ ನೋಡಲು ಬದುಕಿರುವ ರೋಗಿಯ ಚೂರು ಬೇಕಿತ್ತು. ಸತ್ತ ಮೇಲೆ ಕರುಳಿನ ಒಳಪದರ ಬಲುಬೇಗ ಕರಗುವುದರಿಂದ ಹಳಬರಿಗೆ ಏನೂ ಕಂಡಿರಲಿಲ್ಲ. 1954ರಲ್ಲಿ ಇಂಗ್ಲೆಂಡಿನ ಪಾಲಿ ಶಸ್ತ್ರಚಿಕಿತ್ಸೆಯ ವೇಳೆ ತೆಗೆದ ಚೂರುಗಳಲ್ಲಿ ಒಳಪದರ ಹಾಳಾಗಿರುವುದನ್ನು ತೋರಿಸಿದ. 1956ರಲ್ಲಿ ಲಂಡನ್ನಿನ ಮಾರ್ಗೊ ಶೈನರ್ ಬಾಯಿಂದ ಕೊಳವೆ ಇಳಿಸಿ ಚೂರು ತೆಗೆಯುವ ದಾರಿ ಮಾಡಿದಳು. ನಮ್ಮ ಕರುಳಿನ ಒಳಮೈ ಬೆರಳಿನಂಥ ಸಣ್ಣಸಣ್ಣ ಚಾಚಿಕೆಗಳಿಂದ ತುಂಬಿರುತ್ತೆ, ದಪ್ಪ ಟರ್ಕಿ ಟವೆಲ್ಲಿನ ಹಾಗೆ. ಎಲ್ಲವನ್ನೂ ಬಿಡಿಸಿ ಹರವಿದರೆ ಸುಮಾರು ಅರ್ಧ ಬ್ಯಾಡ್ಮಿಂಟನ್ ಕೋರ್ಟಿನಷ್ಟು ಜಾಗ. ಸೀಲಿಯಾಕ್‌ನಲ್ಲಿ ಆ ಟವೆಲ್ಲು ಸವೆದು ಬೋಳು ಪಂಚೆಯಾಗಿಬಿಡುತ್ತೆ.

ಸವೆತ ಹೆಚ್ಚಾಗಿ ಕರುಳಿನ ಮೇಲಿನ ತುದಿಯಲ್ಲಿ. ಕಬ್ಬಿಣ ಹೀರುವುದು ಅಲ್ಲೇ, ಫೋಲಿಕ್ ಆಸಿಡ್, ಕ್ಯಾಲ್ಸಿಯಂ ಕೂಡ ಆ ಆಸುಪಾಸಿನಲ್ಲೇ. ಅದಕ್ಕೇ ಮೊದಲು ಕೈಕೊಡೋದು ರಕ್ತ ಮತ್ತು ಮೂಳೆ. ಬಿ12 ಕರುಳಿನ ಕೊನೆಯ ತುದಿಯಲ್ಲಿ ಒಳಹೋಗುವುದರಿಂದ ಸ್ವಲ್ಪ ಬಚಾವು. ಆದ್ರೆ ನನ್ನಂಥ ಪುಳಿಚಾರುಗಳಿಗೆ ಅದು ಮೊದಲೇ ಕಡಿಮೆ, ಆ ಮಾತು ಬೇರೆ.

ಕೊಲೆಸ್ಟರಾಲ್ ಕಡೆಯ ಲೆಕ್ಕ ಬಂದದ್ದು ಬಹಳ ತಡವಾಗಿ. 1980ರ ದಶಕದಲ್ಲಿ ಫಿನ್ಲೆಂಡಿನ ವೂರಿಸ್ಟೊ ಮತ್ತು ಮಿಯೆಟ್ಟಿನೆನ್ ಸೀಲಿಯಾಕ್ ರೋಗಿಗಳಲ್ಲಿ ಕೊಲೆಸ್ಟರಾಲ್ ಎಷ್ಟು ಒಳಹೋಗುತ್ತೆ, ದೇಹ ತಾನೇ ಎಷ್ಟು ತಯಾರಿಸುತ್ತೆ ಅಂತ ಅಳೆದರು. ಒಳಹೋಗುವುದು ಕಡಿಮೆ. ದೇಹ ತಾನೇ ಹೆಚ್ಚು ತಯಾರಿಸಿ ಸರಿದೂಗಿಸಲು ಒದ್ದಾಡುತ್ತೆ, ಆದರೂ ಸೋರಿಕೆ ಮುಂದೆ. ಒಳ್ಳೆಯ ಕೊಲೆಸ್ಟರಾಲ್ ಅನ್ನುತ್ತಾರಲ್ಲ, ಆ ಎಚ್‌ಡಿಎಲ್ ಕಟ್ಟಲು ಬೇಕಾದ ಮುಖ್ಯ ಪ್ರೋಟೀನಿನ ಒಂದು ಪಾಲು ತಯಾರಾಗುವುದೂ ಕರುಳಿನಲ್ಲೇ. ಕಾರ್ಖಾನೆ ಸುಟ್ಟರೆ ಮಾಲು ಎಲ್ಲಿಂದ? ನನ್ನ 108ರಲ್ಲಿ ಎಚ್‌ಡಿಎಲ್ ಬರೀ 29 ಇತ್ತು. ಒಟ್ಟು ಮೊತ್ತ ನೋಡಿ ಕುಣಿದವನು ಆ ಸಾಲನ್ನು ಓದಿರಲಿಲ್ಲ.

ಗೋಧಿ ಬಿಟ್ಟು ಹದಿನಾಲ್ಕು ತಿಂಗಳಿಗೆ ನನ್ನ ಕೊಲೆಸ್ಟರಾಲ್ 187ಕ್ಕೆ ಹೋಯ್ತು. ಪಕ್ಕದ ಸೀಟಿನವನಿಗೆ ಎಂಥಾ ಖುಷಿ ಅಂತೀರಿ! ನನಗೆ ಎದೆ ಧಸಕ್ಕಂತು. ಪಥ್ಯ ಮಾಡಿ ಹೃದಯ ಹಾಳುಮಾಡ್ಕೊಂಡ್ನಾ ಅಂತ ಒಂದು ವಾರ ಊಟ ಸೇರಲಿಲ್ಲ. ಆಮೇಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು 2006ರಲ್ಲಿ ಪ್ರಕಟಿಸಿದ, 132 ರೋಗಿಗಳ ಅಧ್ಯಯನ ಸಿಕ್ಕಿತು. ಗ್ಲುಟೆನ್ ಬಿಟ್ಟ ಮೇಲೆ ಅವರ ಒಟ್ಟು ಕೊಲೆಸ್ಟರಾಲ್ ಏರಿತ್ತು, ಎಚ್‌ಡಿಎಲ್ಲೂ ಏರಿತ್ತು. ಕೆಟ್ಟದ್ದಕ್ಕೂ ಒಳ್ಳೆಯದಕ್ಕೂ ಇರುವ ಅನುಪಾತ ಇಳಿದಿತ್ತು. ನನ್ನದನ್ನು ಲೆಕ್ಕ ಹಾಕಿದೆ. ಎಚ್‌ಡಿಎಲ್ 29ರಿಂದ 47ಕ್ಕೆ, ಎಲ್‌ಡಿಎಲ್ 58ರಿಂದ 118ಕ್ಕೆ. ಅಂದ್ರೆ ನನ್ನ ಅನುಪಾತ 2ರಿಂದ 2.5ಕ್ಕೆ, ಅಧ್ಯಯನದ ಉಲ್ಟಾ ದಿಕ್ಕಿಗೆ. ವೈದ್ಯರಿಗೆ ತೋರಿಸಿದಾಗ ಗಾಬರಿಯಾಗೋ ಅಂಕಿ ಅಲ್ಲ, ಒಂದು ಪಾಲು ಕರುಳು ವಾಸಿಯಾದದ್ದು, ಇನ್ನೊಂದು ಪಾಲು ನೀವು ತಿಂದದ್ದು ಅಂದರು.

ತಿಂದದ್ದು ಏನು ಅಂತ ನನಗೆ ಚೆನ್ನಾಗಿ ಗೊತ್ತು. ಮೊದಲ ವರ್ಷ ಗ್ಲುಟೆನ್ ಇಲ್ಲದ್ದು ಅಂತ ಬರೆದ ಪೊಟ್ಟಣ ಕಂಡಲ್ಲೆಲ್ಲ ಕೊಂಡೆ. ಒಂದಕ್ಕೆ ಮೂರು ಪಟ್ಟು ಬೆಲೆ. ಹಿಂದೆ ತಿರುಗಿಸಿ ಓದಿದರೆ ಅಕ್ಕಿ ಪಿಷ್ಟ, ಆಲೂಗಡ್ಡೆ ಪಿಷ್ಟ, ಪಾಮ್ ಎಣ್ಣೆ, ಸಕ್ಕರೆ. ಕರುಳು ಸರಿಹೋಗಿ ಎಲ್ಲವನ್ನೂ ಹೀರಲು ಕಲಿತ ಹೊತ್ತಿಗೇ ನಾನು ಅದಕ್ಕೆ ಪಾಮ್ ಎಣ್ಣೆ ಸುರಿದೆ. ಹನ್ನೊಂದು ಕೇಜಿ ಏರಿದೆ.

ವಿಟಮಿನ್ ಕೂಡ ತಾನಾಗಿ ಸರಿಹೋಗಲ್ಲ ಅನ್ನೋದು 2002ರಲ್ಲಿ ಸ್ವೀಡನ್ನಿನ ಹಾಲರ್ಟ್ ತೋರಿಸಿದ ಸಂಗತಿ. ಎಂಟರಿಂದ ಹನ್ನೆರಡು ವರ್ಷ ಕಟ್ಟುನಿಟ್ಟಾಗಿ ಪಥ್ಯ ಮಾಡಿ, ಕರುಳು ವಾಸಿಯಾಗಿದ್ದ 30 ಮಂದಿಯನ್ನು ಪರೀಕ್ಷಿಸಿದರೆ ಸುಮಾರು ಅರ್ಧದಷ್ಟು ಜನರಲ್ಲಿ ವಿಟಮಿನ್ ಕೊರತೆಯ ಲಕ್ಷಣ ಇತ್ತು. ಅವರು ಊಟದಲ್ಲಿ ತೆಗೆದುಕೊಳ್ಳುತ್ತಿದ್ದ ಫೋಲಿಕ್ ಆಸಿಡ್ ಮತ್ತು ಬಿ12 ಬೇರೆಯವರಿಗಿಂತ ಕಡಿಮೆ. ಗೋಧಿ ವಿಷ ಅಂತ ಕೈಬಿಟ್ಟಾಗ ಅದರ ಜೊತೆ ಬರುತ್ತಿದ್ದ ಬಿ ವಿಟಮಿನ್ನು, ನಾರು ಕೂಡ ಹೋಗುತ್ತೆ. ಆ ಜಾಗಕ್ಕೆ ಬಂದ ಪಿಷ್ಟದಲ್ಲಿ ಅವೆರಡೂ ಇರಲ್ಲ. ಮೊದಲ ಅರ್ಧ ಶತಮಾನ ಕಾರಣ ಗೊತ್ತಿಲ್ಲದೆ ಕೊರತೆಗಳಿಗೆ ಮದ್ದು ಕೊಟ್ಟರು. ಕಾರಣ ಗೊತ್ತಾದ ಮೇಲಿನ ಅರ್ಧ ಶತಮಾನ ಕೊರತೆಗಳನ್ನೇ ಮರೆತರು. ನನ್ನ ವೈದ್ಯರು ಈಗ ವರ್ಷಕ್ಕೊಂದು ಸಲ ಫೆರಿಟಿನ್, ಫೋಲೇಟ್, ಬಿ12, ವಿಟಮಿನ್ ಡಿ, ಥೈರಾಯ್ಡ್, ಕೊಲೆಸ್ಟರಾಲ್ ಎಲ್ಲಾ ನೋಡೋದು ಅದಕ್ಕೇ.

ನಮ್ಮ ಕಡೆ ಇದು ಯಾಕೆ ಯಾರಿಗೂ ಹೊಳೆಯಲ್ಲ ಅನ್ನೋದಕ್ಕೂ ಒಂದು ಇತಿಹಾಸ ಇದೆ. ದೆಹಲಿಯ ವೈದ್ಯರು ಉತ್ತರ ಭಾರತದ ಮಕ್ಕಳಲ್ಲಿ ಸೀಲಿಯಾಕ್ ಇದೆ ಅಂತ 1966ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. 1973ರಲ್ಲಿ ಅದೇ ಬರ್ಮಿಂಗ್‌ಹ್ಯಾಮಿನ ಆಂಡರ್ಸನ್ ತಂಡ ಅಲ್ಲಿಗೆ ವಲಸೆ ಹೋದ ಏಷ್ಯಾದವರ ಮಕ್ಕಳಲ್ಲಿ ಇದನ್ನು ಗುರುತಿಸಿತು. ದಕ್ಷಿಣದ ಕಥೆ ಬೇರೆ. 1960ರ ದಶಕದಲ್ಲಿ ವೆಲ್ಲೂರಿನ ಸುತ್ತಲ ಹಳ್ಳಿಗಳಲ್ಲಿ ಸ್ಪ್ರೂ ಸಾಂಕ್ರಾಮಿಕವಾಗಿ ಹಬ್ಬಿತ್ತು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಸೆಲ್ವಿನ್ ಬೇಕರ್ ಮತ್ತು ತಂಡ ಅದರ ಮೇಲೆ ಜಗತ್ತೇ ಗಮನಿಸುವಂಥ ಕೆಲಸ ಮಾಡಿತು. ಹೀಗಾಗಿ ದಕ್ಷಿಣದಲ್ಲಿ ತಿಂದದ್ದು ಹತ್ತದವರನ್ನು ಕಂಡರೆ ಮೊದಲು ನೆನಪಾಗೋದು ಸ್ಪ್ರೂ. 2016ರಲ್ಲಿ ಪ್ರಕಟವಾದ, ದೇಶದ 23,331 ವಯಸ್ಕರ ಸಮೀಕ್ಷೆಯಲ್ಲಿ ಈ ಕಾಯಿಲೆಯ ಗುರುತು ರಕ್ತದಲ್ಲಿ ಸಿಕ್ಕಿದ್ದು ಉತ್ತರದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ 0.10. ಇದಕ್ಕೆ ಬೇಕಾದ ವಂಶವಾಹಿ ಮಾತ್ರ ಎರಡೂ ಕಡೆ ಹೆಚ್ಚುಕಮ್ಮಿ ಸಮನಾಗಿಯೇ ಇತ್ತು, ಸುಮಾರು ಮೂರರಲ್ಲಿ ಒಬ್ಬರಿಗೆ. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿಂದರೆ ದಕ್ಷಿಣದವರು 25 ಗ್ರಾಂ. ನಮ್ಮ ಮನೆಯಲ್ಲಿ ಅಪ್ಪನಿಗೆ ಶುಗರ್ ಬಂದ ಮೇಲೆ ರಾತ್ರಿಯ ಅನ್ನ ಹೋಗಿ ಚಪಾತಿ ಬಂತು. ಎಷ್ಟು ಮನೆಗಳಲ್ಲಿ ಹೀಗಾಗಿದೆಯೋ. ನಾನು ಆ 0.10ರ ಪೈಕಿ, ಲಾಟರಿ ಹೊಡೆದವನು.

ಈಗ ಪೊಟ್ಟಣಗಳನ್ನು ಬಿಟ್ಟಿದ್ದೇನೆ. ಬೆಳಗ್ಗೆ ಅಕ್ಕಿ ರೊಟ್ಟಿ ಅಥವಾ ಅವಲಕ್ಕಿ, ಮಧ್ಯಾಹ್ನ ಮುದ್ದೆ, ಬಸ್ಸಾರು, ರಾತ್ರಿ ಜೋಳದ ರೊಟ್ಟಿ. ರಾಗಿಯಲ್ಲಿ ನೂರು ಗ್ರಾಮಿಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ, ಸೊಪ್ಪು ಕಾಳುಗಳಲ್ಲಿ ಫೋಲೇಟ್, ಎರಡರಲ್ಲೂ ಕೊಲೆಸ್ಟರಾಲ್ ಇಳಿಸೋ ನಾರು. ಬಿ12 ಮತ್ತು ಡಿಗೆ ಮಾತ್ರ ಮಾತ್ರೆಯೇ ಗತಿ. ಇಷ್ಟೆಲ್ಲ ಮಾಡಿಯೂ ಆರು ತಿಂಗಳು ರಕ್ತಪರೀಕ್ಷೆಯ ಅಂಕಿ ಪೂರ್ತಿ ಇಳಿಯಲಿಲ್ಲ. ಕೊನೆಗೆ ಸಿಕ್ಕಿಬಿದ್ದದ್ದು ಸಾರಿನ ಇಂಗು! ಅಂಗಡಿಯಲ್ಲಿ ಸಿಗೋ ಎಷ್ಟೋ ಇಂಗಿನಲ್ಲಿ ಅರ್ಧಕ್ಕರ್ಧ ಗೋಧಿ ಅಥವಾ ಮೈದಾ ಹಿಟ್ಟು ಇರುತ್ತೆ, ಡಬ್ಬಿಯ ಹಿಂದೆ ಇರುವೆ ಅಕ್ಷರದಲ್ಲಿ ಬರೆದಿರ್ತಾರೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮನಿಗೆ ಈ ಕಥೆಯೆಲ್ಲ ಹೇಳಿದೆ. ಅವಳು ರಸ್ಕಿನ ಹತ್ತಿರವೇ ನಿಂತುಬಿಟ್ಟಳು. "ಹಂಗಾರೆ ನಾನೇ ಕೊಟ್ಟಿದ್ದಾ ನಿಂಗೆ ಅಷ್ಟು ವರ್ಷ?" ಅಂದಳು. ಲಂಡನ್ನಿನ ದೊಡ್ಡ ಡಾಕ್ಟರೂ ಅದನ್ನೇ ಕೊಟ್ಟಿದ್ದ ಕಣಮ್ಮ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹಾಲೆಂಡಿನ ಹೆಂಗಸಿನ ಮಗು ಆಮೇಲೆ ಹುಷಾರಾಯ್ತಾ ಅಂತ ಕೇಳಿದಳು. ಆಯ್ತಂತೆ ಅಂದುಬಿಟ್ಟೆ. ಒಳಗೆ ಹೋಗಿ ಅಡುಗೆಮನೆಯ ಇಂಗಿನ ಡಬ್ಬಿ ತಂದು, ಕನ್ನಡಕ ಹಾಕ್ಕೊಂಡು ಹಿಂದೆ ಏನು ಬರೆದಿದೆ ಅಂತ ಓದೋಕೆ ಕೂತಳು.

ಮುಂದಿನ ರಕ್ತಪರೀಕ್ಷೆ ಬರುವ ತಿಂಗಳು. ಫೆರಿಟಿನ್ ಎಷ್ಟು ಬಂತು ಅಂತ ತಿಳಿಸ್ತೀನಿ.